ಮೋಡ ಕವಿದ ರಾತ್ರಿ ಅಲೆಗಳೇ ದಾರಿ

ಮೋಡ ಕವಿದು ನಕ್ಷತ್ರಗಳು ಕಾಣದಾದಾಗ ಪೆಸಿಫಿಕ್ ದ್ವೀಪಗಳ ನಾವಿಕರು ದಿಕ್ಕನ್ನು ಹೇಗೆ ಅರಿಯುತ್ತಿದ್ದರು ಎಂದು ಕೇಳಿದ್ದೀರಿ. ಆಗ ಮುಖ್ಯ ಆಧಾರ ಅಲೆಗಳು. ಅಲ್ಲಲ್ಲಿನ ಗಾಳಿ ಎಬ್ಬಿಸುವ ಚಿಕ್ಕ ಅಲೆಗಳಲ್ಲ. ಬಹುದೂರದ ಗಾಳಿಗೆ ಹುಟ್ಟಿ, ದಿನಗಟ್ಟಲೆ ಒಂದೇ ದಿಕ್ಕಿನಿಂದ ಬರುವ ಉದ್ದನೆಯ ಅಲೆಗಳು. ಸೂರ್ಯ ಹುಟ್ಟುವಾಗ, ಮುಳುಗುವಾಗ ಅವುಗಳ ದಿಕ್ಕನ್ನು ಗುರುತಿಸಿಕೊಂಡರೆ, ಕತ್ತಲಲ್ಲಿ ದೋಣಿ ಹೊಯ್ದಾಡುವ ರೀತಿಯೇ ದಾರಿ ಹೇಳುತ್ತದೆ. ಬೇರೆ ಬೇರೆ ದಿಕ್ಕಿನ ಅಲೆಗಳು ಬೆರೆತಾಗ ಒಂದೊಂದನ್ನೂ ಮೈಯಿಂದಲೇ ಗುರುತಿಸಬೇಕು. ನಿಜವಾದ ವಿದ್ಯೆ ಇರುವುದು ಅಲ್ಲಿ.

ಇದು ಕಟ್ಟುಕಥೆಯಲ್ಲ. ಪಶ್ಚಿಮ ಪೆಸಿಫಿಕ್‌ನ ಮೈಕ್ರೊನೇಷ್ಯಾದ ಸತವಾಲ್ ದ್ವೀಪದ ನಾವಿಕ ಮೌ ಪಿಯಾಲುಗ್ 1976ರಲ್ಲಿ ‘ಹೊಕುಲೆಯಾ’ ಎಂಬ ಜೋಡಿ ಒಡಲಿನ ಹಾಯಿದೋಣಿಯನ್ನು ದಿಕ್ಸೂಚಿಯಿಲ್ಲದೆ ಹವಾಯಿಯಿಂದ ತಹೀತಿಗೆ ಮುಟ್ಟಿಸಿದರು. ಸುಮಾರು 4,000 ಕಿಲೋಮೀಟರ್ ದಾರಿ! ಆಮೇಲೆ ಆ ವಿದ್ಯೆಯನ್ನು ತಮ್ಮ ದ್ವೀಪದವರಲ್ಲದ ಹವಾಯಿಯವರಿಗೂ ಕಲಿಸಿದರು. ಆ ಔದಾರ್ಯ ಯಾನದಷ್ಟೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಪೆಸಿಫಿಕ್‌ನ ಮಾರ್ಷಲ್ ದ್ವೀಪದವರ ಕಡ್ಡಿ ನಕ್ಷೆಗಳನ್ನು (ಅಲೆಗಳನ್ನೂ ದ್ವೀಪಗಳನ್ನೂ ತೋರಿಸಲು ಕಡ್ಡಿಗಳನ್ನು ಕಟ್ಟಿ ಮಾಡಿದ ನಕ್ಷೆಗಳು) ದೋಣಿಯಲ್ಲಿ ಬಳಸುತ್ತಿದ್ದರೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ: ಸಾಮಾನ್ಯವಾಗಿ ಇಲ್ಲ. ದ್ವೀಪಗಳ ಸುತ್ತ ಅಲೆ ಬಾಗುವ ಬಗೆಯನ್ನು ಅವುಗಳಿಂದ ದಡದಲ್ಲೇ ಕಲಿತು, ನೆನಪಿನಲ್ಲಿಟ್ಟುಕೊಂಡು ಹೊರಡುತ್ತಿದ್ದರು.