ವಿಡಿಯೊ ಪಾಠ ಸಾಕೇ, ತರಗತಿ ಬೇಕೇ?

ಮಾನ್ಯರೇ,

ಕಾಲೇಜು ಬಿಟ್ಟು ಆನ್‌ಲೈನ್‌ನಲ್ಲೇ ಓದುತ್ತೇನೆಂದು ಮಗಳು ಹಟ ಹಿಡಿದಿದ್ದಾಳೆ, ಅಧ್ಯಾಪಕರ ಪಾಠಕ್ಕಿಂತ ವಿಡಿಯೊ ಪಾಠವೇ ಚೆನ್ನಾಗಿ ತಲೆಗೆ ಹತ್ತುತ್ತದೆ ಎನ್ನುತ್ತಾಳೆ, ಒಪ್ಪಲೇ ಎಂದು ಕೇಳಿದ್ದೀರಿ. ಅವಳ ಮಾತನ್ನು ತಳ್ಳಿಹಾಕಬೇಡಿ. ತಿಳಿಯದ ಕಡೆ ಪಾಠವನ್ನು ನಿಲ್ಲಿಸಿ ನಾಲ್ಕು ಸಲ ಕೇಳುವ ಅನುಕೂಲ ಯಾವ ತರಗತಿಯಲ್ಲಿದೆ? ದುಡಿಯುತ್ತಾ ಓದುವವರಿಗೆ, ಕಾಯಿಲೆಯಿಂದ ಮನೆಯಲ್ಲೇ ಉಳಿದವರಿಗೆ ಇದು ದೊಡ್ಡ ಆಸರೆ.

ಆದರೆ 2011ರಲ್ಲಿ ಏನಾಯಿತು ನೋಡಿ. ಕಂಪ್ಯೂಟರ್ ವಿಜ್ಞಾನಿಗಳಾದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಾಗ ಸುಮಾರು 1,60,000 ಮಂದಿ ಹೆಸರು ಕೊಟ್ಟರು. ಮುಗಿಸಿದವರು 20,000ಕ್ಕಿಂತ ತುಸು ಹೆಚ್ಚು. ಕುತೂಹಲಕ್ಕೆ ಇಣುಕಿ ಹೋದವರು ಅದರಲ್ಲಿ ಬಹಳ ಮಂದಿ ಇದ್ದಿರಬೇಕು, ನಿಜ. ಆದರೂ ಎಲ್ಲೋ ಒಂದು ಲೆಕ್ಕದಲ್ಲಿ ಸಿಕ್ಕಿಬಿದ್ದು, ಕೇಳಲು ಯಾರೂ ಇಲ್ಲದೆ ಕೈಬಿಟ್ಟವರ ಬಗ್ಗೆಯೇ ನನಗೆ ಚಿಂತೆ. ಒಳ್ಳೆಯ ಅಧ್ಯಾಪಕಿ ಬೆಂಚುಗಳ ನಡುವೆ ನಡೆಯುವಾಗ ಹುಡುಗಿಯ ಪೆನ್ಸಿಲ್ ಸಮೀಕರಣದ ಮೂರನೆಯ ಸಾಲಿನಲ್ಲಿ ನಿಂತಿರುವುದನ್ನು ಕಾಣುತ್ತಾಳೆ. ಋಣ ಚಿಹ್ನೆ ಅಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ಮುದ್ರಿಸಿಟ್ಟ ವಿಡಿಯೊಗೆ ಆ ಕಣ್ಣಿಲ್ಲ.

ಹಾಗೆಂದು ಎಲ್ಲ ತರಗತಿಗಳಲ್ಲೂ ಆ ಕಣ್ಣು ಇರುತ್ತದೆಯೇ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿದಾಗ, ಪ್ರಶ್ನೆ ಹಾಕಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಮಾತಾಡಿದರು. ಕಾಯದ ಶಿಕ್ಷಕರ ಮುಂದೆ ವರ್ಷವಿಡೀ ಕೂರಿಸುವುದನ್ನು ನಾನು ಸಮರ್ಥಿಸಲಾರೆ. ಪ್ರಯೋಗಶಾಲೆಯ ಮಾತು ಮಾತ್ರ ಬೇರೆ: ಬಣ್ಣ ತಿರುಗುವ ಹನಿಗೆ ಸರಿಯಾಗಿ, ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆಯಾದ ಬ್ಯುರೆಟ್ಟಿನ ತಿರುಪು ನಿಲ್ಲಿಸುವುದು ಕೈಗೆ ಬರಬೇಕು, ನೋಡಿದರೆ ಬಾರದು.

ಮಗಳ 'ಅರ್ಥವಾಗುತ್ತದೆ' ಎಂಬ ಮಾತನ್ನು ಒಮ್ಮೆ ಪರೀಕ್ಷಿಸಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ನೆನಪಿನ ಭರವಸೆ ಹೆಚ್ಚಿತ್ತು; ವಾರದ ನಂತರ ಹೆಚ್ಚು ನೆನಪಿದ್ದದ್ದು ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ. ಒಂದು ತಿಂಗಳು, ಪ್ರತಿ ಪಾಠ ಮುಗಿದ ಮೇಲೆ ಪರದೆ ಮುಚ್ಚಿ ಖಾಲಿ ಹಾಳೆಯಲ್ಲಿ ಲೆಕ್ಕ ಬಿಡಿಸಲಿ. ಆ ಹಾಳೆಗಳನ್ನು ವಾರಕ್ಕೊಮ್ಮೆಯಾದರೂ ತಿದ್ದಿಕೊಡುವ, ವಿಷಯ ಬಲ್ಲ ಒಬ್ಬರು ಸಿಗುವವರೆಗೆ ಕಾಲೇಜು ಬಿಡಿಸಬೇಡಿ.