ಲೇಬಲ್ ಮೇಲೆ ಊರಿನ ಹೆಸರು

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಹೊಸದೇನಾದರೂ ಶುರು ಮಾಡುವವರು ಈಚೆಗೆ ಕೋಲಾರದ ನನ್ನ ಆಪ್ತಸಲಹೆಯ ಕೊಠಡಿಗೆ ಜಾಸ್ತಿ ಬರುತ್ತಿದ್ದಾರೆ. ಕೋಳಿ ಫಾರಂ, ಗಾಣದ ಎಣ್ಣೆ, ರೆಸಾರ್ಟ್, ಹೀಗೆ. ಊರವರು ನನ್ನನ್ನು ಅರ್ಥ ಮಾಡಿಕೊಳ್ಳುತ್ತಿಲ್ಲ ಅನ್ನುವುದೇ ಎಲ್ಲರ ದೂರು. ಅದರಲ್ಲಿ ಒಂದು ಪ್ರಕರಣ ನನ್ನನ್ನು ತುಂಬ ದಿನ ಕಾಡಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ನಲವತ್ತರ ಹತ್ತಿರ. ಸಾಫ್ಟ್‌ವೇರ್ ಬಿಟ್ಟು ಬಿಯರ್ ತಯಾರಿಕೆ ಕಲಿತಿದ್ದರು. ಅಪ್ಪನ ಜಮೀನಿನಲ್ಲಿ ಸಣ್ಣ ಬ್ರೂವರಿ ಹಾಕಿ, ನಮ್ಮ ರಾಗಿಯಿಂದಲೇ ಬಿಯರ್ ಮಾಡುವ ಆಸೆ. ಗ್ರಾಮಸಭೆಯಲ್ಲಿ ಗಲಾಟೆಯಾಯಿತು. ಸ್ತ್ರೀಶಕ್ತಿ ಸಂಘದ ಹೆಂಗಸರು ಪಂಚಾಯಿತಿ ಮುಂದೆ ಧರಣಿ ಕೂತರು. ಇವರಿಗೆ ನಿದ್ದೆ ಹೋಯಿತು, ಮನೆಯಲ್ಲಿ ಮಾತು ನಿಂತಿತು.

ಮೊದಲ ಎರಡು ಸಲ ಬರೀ ವಾದ. ಮೂರನೇ ಸಲ ಒಂದು ಕವರ್ ತಂದು ಮೇಜಿನ ಮೇಲೆ ಬಿಚ್ಚಿದರು. ಮೊಳಕೆ ಬರಿಸಿ ಒಣಗಿಸಿದ ರಾಗಿ, ಒಂದೊಂದು ಕಾಳಿಗೂ ದಾರದಂಥ ಬೇರು. "ಮೂಸಿ ನೋಡಿ ಮೇಡಂ" ಅಂದರು. ಮೂಸಿದೆ. ಹಸುಗೂಸಿಗೆ ಮಾಡುವ ರಾಗಿ ಸರಿಯ ವಾಸನೆ.

ಆಮೇಲೆ ಫೋನ್ ತೆಗೆದು ಲೆಕ್ಕ ತೋರಿಸಿದರು. ಎಷ್ಟು ಜನಕ್ಕೆ ಕೆಲಸ, ಉಳಿದ ಕಾಳಿನ ಚರಟ ಹಸುಗಳಿಗೆ ಹೇಗೆ ಮೇವಾಗುತ್ತದೆ, ಎಲ್ಲ ಇತ್ತು. ನೀರಿನದೂ ಇತ್ತು. ಒಂದು ಲೀಟರ್ ಬಿಯರಿಗೆ, ತೊಳೆಯುವುದೆಲ್ಲ ಸೇರಿ, ಚೆನ್ನಾಗಿ ನಡೆಸುವ ಸಣ್ಣ ಬ್ರೂವರಿಯಲ್ಲೂ ನಾಲ್ಕು ಲೀಟರಿನಷ್ಟು ನೀರು ಬೇಕು. ಸಾವಿರ ಅಡಿ ಕೊರೆದರೂ ನೀರು ಕಾಣದ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ತಂದು ಕೆರೆ ತುಂಬಿಸುತ್ತಿರುವ ನಮ್ಮ ಜಿಲ್ಲೆಯಲ್ಲಿ ಜನ ಅದನ್ನು ಕೇಳದೆ ಬಿಡುತ್ತಾರಾ? ತೊಳೆದ ನೀರು ಶುದ್ಧ ಮಾಡಿ ಮತ್ತೆ ಬಳಸುವ ಯೋಜನೆ ಅವರ ಹತ್ತಿರ ಇತ್ತು. ಒಳ್ಳೆಯ ಯೋಜನೆ ಅಂದೆ. ಆಮೇಲೆ ಕೇಳಿದೆ: "ಧರಣಿಯಲ್ಲಿ ಯಾರ ಮುಖ ನೋಡಲಿಕ್ಕೆ ನಿಮ್ಮ ಕೈಲಿ ಆಗಲಿಲ್ಲ?"

ತುಂಬ ಹೊತ್ತು ಮಾತಿಲ್ಲ. ಕವರಿನ ಬಾಯಿ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಚಿಕ್ಕಮ್ಮ."

ಅಮ್ಮ ಹೊಲಕ್ಕೆ ಹೋದಾಗೆಲ್ಲ ಇವರನ್ನು ಸಾಕಿದ್ದು ಚಿಕ್ಕಮ್ಮ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತಲ್ಲ, ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಚಿಕ್ಕಪ್ಪ ಪ್ಯಾಕೆಟ್ ಸಾರಾಯಿ ಕುಡಿದು ಕುಡಿದು ತೀರಿಹೋಗಿದ್ದರು. ಗ್ರಾಮಸಭೆಯಲ್ಲಿ ಚಿಕ್ಕಮ್ಮ ಎದ್ದು ನಿಂತು ಒಂದೇ ಮಾತು ಕೇಳಿದ್ದರು: "ಲೇಬಲ್ ಮೇಲೆ ನಮ್ಮೂರ ಹೆಸರು ಹಾಕ್ತೀಯಂತಲ್ಲಪ್ಪ. ಪಕ್ಕದಲ್ಲಿ ನಿನ್ನ ಚಿಕ್ಕಪ್ಪನ ಹೆಸರೂ ಹಾಕು."

"ನೀವೇನಂದಿರಿ?"

"ಸಾರಾಯಿ ಬೇರೆ, ಬಿಯರ್ ಬೇರೆ ಅಂತ ಮೈಕಿನಲ್ಲಿ ವಿವರಿಸಿದೆ. ಬಿಯರಿನಲ್ಲಿ ಆಲ್ಕೋಹಾಲ್ ಶೇಕಡಾ ಐದು ಅಂತೆಲ್ಲ ಹೇಳಿದೆ. ಅವರು ಸುಮ್ನೆ ಎದ್ದು ಹೋದರು ಮೇಡಂ." ಅಷ್ಟು ಹೇಳಿ ಅತ್ತರು.

ಅವರು ಮೈಕಿನಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಚಿಕ್ಕಮ್ಮ ಕೇಳಿದ್ದು ಶೇಕಡಾವಾರು ಅಲ್ಲ. ಆ ಸಾವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡಿರಲಿಲ್ಲ. ಇಷ್ಟು ವರ್ಷ ಒಳಗಿದ್ದ ಸಂಕಟ ಅವತ್ತು ಸಭೆಯಲ್ಲಿ ಹೊರಗೆ ಬಂತು, ಇವರು ಅದಕ್ಕೆ ಲೆಕ್ಕದಲ್ಲಿ ಉತ್ತರ ಕೊಟ್ಟರು.

ನಾನು ಹೇಳಿದ್ದು ಇಷ್ಟು. ಮೂರು ತಿಂಗಳು ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಚಿಕ್ಕಮ್ಮನ ಮನೆಗೆ ಹೋಗಿ, ಫೋನ್ ಕಾರಿನಲ್ಲೇ ಬಿಡಿ. ಬಿಯರ್ ಬಗ್ಗೆ ಅವರು ಎತ್ತದೆ ನೀವು ಎತ್ತಬೇಡಿ. ಚಿಕ್ಕಪ್ಪನ ಬಗ್ಗೆ ಕೇಳಿ. ಹೇಳಿದರೆ ಕೂತು ಕೇಳಿಸಿಕೊಳ್ಳಿ, ನಡುವೆ ಸಮಾಧಾನ ಹೇಳಬೇಡಿ. ಒಪ್ಪಿಸಲಿಕ್ಕೆ ಹೋಗುವುದಾದರೆ ಹೋಗಲೇಬೇಡಿ.

ಊರಿನ ಪರ ನಿಂತು ಅವರ ಕನಸಿಗೆ ಅಡ್ಡ ಬಂದಿರಿ ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ನಾನು ಹಾಗೆ ಮಾಡಿಲ್ಲ. ಲೈಸೆನ್ಸ್ ಪಡೆದು ಬಿಯರ್ ಮಾಡುವುದು ಕಾನೂನು ಒಪ್ಪಿದ ಉದ್ಯೋಗ, ಬಿಡಿ ಅನ್ನುವ ಹಕ್ಕು ನನಗಿಲ್ಲ. ಕುಡಿತದಿಂದ ನೊಂದ ಮನೆಯವರನ್ನು ನಾನು ವಾರವಾರ ನೋಡುತ್ತೇನೆ, ನನ್ನ ಮನಸ್ಸು ಯಾವ ಕಡೆ ವಾಲುತ್ತದೆ ಅಂತ ಮೊದಲ ದಿನವೇ ಅವರಿಗೆ ಹೇಳಿ, ಬೇಕಾದರೆ ಬೇರೆ ಆಪ್ತಸಲಹೆಗಾರರನ್ನು ನೋಡಿ ಅಂದಿದ್ದೆ. ಅವರೇ ಉಳಿದರು. ವೃತ್ತಿ ಬದಲಿಸಿದವರಿಗೆ ಊರಿನಿಂದ ಶಭಾಷ್ ಬೇಕಿರುತ್ತದೆ, ಸಂಬಳದ ಜೊತೆ ಹೋದ ಮರ್ಯಾದೆಯನ್ನು ಅಲ್ಲಿ ತುಂಬಿಕೊಳ್ಳಲು ನೋಡುತ್ತಾರೆ. ಅದು ಸಿಗದಿದ್ದಾಗ ಎದುರು ನಿಂತವರೆಲ್ಲ ತಿಳಿವಳಿಕೆ ಇಲ್ಲದವರ ಹಾಗೆ ಕಾಣುತ್ತಾರೆ. ಆ ಕೋಪದಲ್ಲಿ ಸಹಿ ಹಾಕಿ ಸಾಲ ಮಾಡಿಕೊಂಡವರನ್ನು ನೋಡಿದ್ದೇನೆ, ಹಾಗಾಗಿ ಮೂರು ತಿಂಗಳು ಅಂದೆ.

ಅವರೀಗ ಬೆಂಗಳೂರಿನ ಒಂದು ಬ್ರೂವರಿಯಲ್ಲಿ ಸಂಬಳಕ್ಕಿದ್ದಾರೆ. ಸ್ವಂತದ್ದು ಮಾಡುವ ಆಸೆ ಹೋಗಿಲ್ಲ, ಊರಿನಿಂದ ದೂರ, ಕೈಗಾರಿಕಾ ಪ್ರದೇಶದ ಕಡೆ ಜಾಗ ನೋಡುತ್ತಿದ್ದಾರೆ. ಲೇಬಲ್ ಮೇಲೆ ಊರಿನ ಹೆಸರು ಇರುವುದಿಲ್ಲವಂತೆ. ಚಿಕ್ಕಮ್ಮ ಇದಕ್ಕೂ ಒಪ್ಪಿಲ್ಲ, ಒಪ್ಪುವ ಹಾಗೂ ಕಾಣುವುದಿಲ್ಲ. ಶನಿವಾರ ರಾತ್ರಿಯ ಊಟ ಮಾತ್ರ ಅವರ ಮನೆಯಲ್ಲೇ.