ಲಾ ಓದದ ಜಡ್ಜ್‌ಗಳಿಗೆ ಕೆಲಸ ಕಲಿಸೋರು ಯಾರು?

ನೀವು ಕೇಳಿದ್ದು ಇದು: ಅಮೆರಿಕದ ಬುಡಕಟ್ಟು ಕೋರ್ಟುಗಳಲ್ಲಿ ಲಾ ಡಿಗ್ರಿ ಇಲ್ಲದವರೂ ಜಡ್ಜ್ ಆಗಬಹುದಂತೆ, ನಿಜಾನಾ? ನಿಜ ಆದರೆ ಅವರಿಗೆ ಕೆಲಸ ಕಲಿಸೋರು ಯಾರು? ನಮ್ಮ ಹಟ್ಟಿ ಯಜಮಾನರ ಪಂಚಾಯ್ತಿ ತರಾನಾ? ಈ ಬಗ್ಗೆ ಕಾಲೇಜಿಗೆ ಪೇಪರ್ ಬರೀಬೇಕು ಅಂತಲೂ ಹೇಳಿದ್ದೀರಿ.

ಡಿಗ್ರಿ ವಿಷಯ ನಿಜ. ಹಟ್ಟಿ ಪಂಚಾಯ್ತಿ ತರ ಮಾತ್ರ ಅಲ್ಲ. ಸಮನ್ಸು, ಕಟಕಟೆ, ಬರೆದ ತೀರ್ಪು, ಜೈಲು ಎಲ್ಲ ಇರೋ ಕೋರ್ಟುಗಳಿವು. ನಾನು ವಕೀಲನಲ್ಲ, ಮೊದಲೇ ಹೇಳಿಬಿಡ್ತೀನಿ. ಕೋರ್ಟ್ ಹಾಲ್‌ಗಳಿಗೆ ಮೈಕು, ರೆಕಾರ್ಡಿಂಗ್ ಕೂರಿಸೋದು ನನ್ನ ಕೆಲಸ. ಎಂಟು ವರ್ಷದಿಂದ ಅರಿಜೋನಾ, ನೆವಾಡಾ ಕಡೆ ಓಡಾಡ್ತಾ ಇದ್ದೀನಿ. ವೈರು ಎಳೀತಾ ಕಿವಿಗೆ ಬಿದ್ದದ್ದೇ ಜಾಸ್ತಿ.

ಅಮೆರಿಕ ಸರ್ಕಾರ ಒಪ್ಪಿಕೊಂಡಿರುವ ಬುಡಕಟ್ಟುಗಳು 570ಕ್ಕೂ ಜಾಸ್ತಿ ಇವೆ. ಅವುಗಳ ನ್ಯಾಯ ವ್ಯವಸ್ಥೆಗಳು ಸುಮಾರು 400. ಜಡ್ಜ್ ಯಾರಾಗಬೇಕು ಅನ್ನೋದನ್ನ ಆಯಾ ಬುಡಕಟ್ಟೇ ತೀರ್ಮಾನ ಮಾಡುತ್ತದೆ. ಒಂದು ಕಡೆ ವಕೀಲರೇ ಬೇಕು ಅಂತಾರೆ. ಇನ್ನೊಂದು ಕಡೆ ಊರಿಗೆ ಗೊತ್ತಿರುವ, ಭಾಷೆ ಬಲ್ಲ ಹಿರಿಯರಾದರೆ ಸಾಕು. ಜಡ್ಜ್ ಆಗೋಕೆ ಮುಂಚೆ ಟೀಚರ್ ಆಗಿದ್ದವರು, ಪೊಲೀಸ್ ಕೆಲಸದಲ್ಲಿದ್ದವರು ನನಗೇ ಸಿಕ್ಕಿದ್ದಾರೆ.

ಅವರು ಎಲ್ಲಿ ಕಲೀತಾರೆ ಅಂದರೆ, ಮುಖ್ಯವಾಗಿ ರೀನೋದಲ್ಲಿ. ನೆವಾಡಾ ವಿಶ್ವವಿದ್ಯಾಲಯದ ಆವರಣದಲ್ಲಿ ನ್ಯಾಷನಲ್ ಜುಡಿಶಿಯಲ್ ಕಾಲೇಜ್ ಇದೆ, 1963ರಲ್ಲಿ ಶುರುವಾದದ್ದು. ಅದರೊಳಗೆ ಬುಡಕಟ್ಟು ಜಡ್ಜ್‌ಗಳಿಗೇ ಅಂತ 2002ರಲ್ಲಿ ಒಂದು ಕೇಂದ್ರ ಮಾಡಿದರು. ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾದಲ್ಲಿ ನ್ಯಾಷನಲ್ ಇಂಡಿಯನ್ ಜಸ್ಟೀಸ್ ಸೆಂಟರ್ ಇದೆ (ಇಲ್ಲಿ 'ಇಂಡಿಯನ್' ಅಂದರೆ ನಾವಲ್ಲ, ಅಮೆರಿಕದ ಮೂಲನಿವಾಸಿಗಳು). ಈ ಜಡ್ಜ್‌ಗಳದ್ದೇ ಸಂಘವೂ ಇದೆ, 1969ರದ್ದು. ಅವರೂ ತರಬೇತಿ ಕೊಡ್ತಾರೆ. ಆದರೆ ಇದಕ್ಕೆಲ್ಲ ಬಹುಪಾಲು ಗ್ರಾಂಟ್ ದುಡ್ಡೇ ಗತಿ. ಚಿಕ್ಕ ಬುಡಕಟ್ಟಿನ ಒಬ್ಬ ಜಡ್ಜ್ ನನಗೆ ಹೇಳಿದ್ದು: 'ಗ್ರಾಂಟ್ ಬಂದ ವರ್ಷ ನಾನು ವಿದ್ಯಾರ್ಥಿ, ಬರದ ವರ್ಷ ಬರೀ ಜಡ್ಜ್.'

ಈಗ ನಾನು ಕಣ್ಣಾರೆ ಕಂಡ ಒಂದು ತರಗತಿ. ಹೋಟೆಲಿನ ಮೀಟಿಂಗ್ ಹಾಲಿನಲ್ಲಿ ಹೊಸ ಜಡ್ಜ್‌ಗಳಿಗೆ ಅಣಕು ವಿಚಾರಣೆ ಇಟ್ಟಿದ್ದರು. ನಾನು ಹೋಗಿದ್ದು ರೆಕಾರ್ಡಿಂಗ್ ಯಂತ್ರ ತೋರಿಸೋಕೆ. ಆರೋಪಿ ಪಾತ್ರಕ್ಕೆ ಜನ ಸಾಲಲಿಲ್ಲ. 'ನೀನೇ ನಿಂತ್ಕೋ' ಅಂದರು. ಹೆಂಡತಿಗೆ ಹೊಡೆದ ಕೇಸು ನನ್ನ ಮೇಲೆ. (ನನ್ನ ಹೆಂಡತಿಗೆ ಇದನ್ನ ಹೇಳಿದಾಗ ಅವಳು ನಕ್ಕಿದ್ದು ಅಷ್ಟಿಷ್ಟಲ್ಲ.)

ಜಡ್ಜ್ ಪಾತ್ರದಲ್ಲಿದ್ದದ್ದು ಅರವತ್ತು ದಾಟಿದ ಒಬ್ಬ ಹೆಂಗಸು. ಹಾಳೆ ನೋಡ್ಕೊಂಡು ನನ್ನ ಹಕ್ಕುಗಳನ್ನ ಪಟಪಟ ಓದಿದರು. 'ಅರ್ಥವಾಯಿತಾ?' ಅಂದರು. 'ಆಯಿತು' ಅಂದೆ. ಆಗ ಕಲಿಸುವವರು ತಡೆದು, ಏನು ಅರ್ಥವಾಯಿತು ಹೇಳು ಅಂತ ನನ್ನನ್ನೇ ಕೇಳಿದರು. ನನಗೆ ನೆನಪಿದ್ದದ್ದು 'ವಕೀಲ' ಅನ್ನೋ ಒಂದೇ ಪದ. ರೆಕಾರ್ಡಿಂಗ್ ಹಿಂದಕ್ಕೆ ತಿರುಗಿಸಿ ಕೇಳಿಸಿದೆವು. ಅಷ್ಟೂ ಹಕ್ಕು ಒಂದು ನಿಮಿಷದೊಳಗೆ ಮುಗಿದುಹೋಗಿತ್ತು.

ಆಮೇಲೆ ಆ ಅಮ್ಮ ಹಾಳೆಯನ್ನ ಮಗುಚಿಟ್ಟರು. 'ನಿನಗೆ ವಕೀಲ ಬೇಕಾದರೆ ಇಟ್ಟುಕೊಳ್ಳಬಹುದು, ದುಡ್ಡು ನಿಂದೇ. ನಾನು ಹೇಳಿದ್ದನ್ನ ನಿನ್ನ ಮಾತಲ್ಲಿ ಹೇಳು ನೋಡೋಣ' ಅಂದರು. ಒಂದೊಂದಕ್ಕೂ ಹಾಗೇ ಕೇಳಿದರು. ಈ ಸಲ ಹತ್ತು ನಿಮಿಷ ಹಿಡೀತು. ನನಗೆ ಎಲ್ಲ ತಿಳಿದಿತ್ತು.

ಇದರಲ್ಲೇನು ದೊಡ್ಡದು ಅನ್ನಿಸಬಹುದು. 1968ರ ಇಂಡಿಯನ್ ಸಿವಿಲ್ ರೈಟ್ಸ್ ಕಾನೂನಿನ ಪ್ರಕಾರ ಈ ಕೋರ್ಟುಗಳಲ್ಲಿ ಆರೋಪಿಗೆ ವಕೀಲರನ್ನ ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸ್ವಂತ ಖರ್ಚಲ್ಲಿ. ವರ್ಷದೊಳಗಿನ ಜೈಲಿಗೆ ಪುಕ್ಕಟೆ ವಕೀಲರನ್ನ ಕೊಡಲೇಬೇಕು ಅಂತೇನಿಲ್ಲ. ಹಾಗಾಗಿ ಎಷ್ಟೋ ಜನ ಒಬ್ಬರೇ ಬಂದು, ತಪ್ಪು ಒಪ್ಪಿಕೊಂಡು ಹೋಗಿಬಿಡ್ತಾರೆ. ಕತೆ ಅಲ್ಲಿಗೇ ಮುಗಿಯಲ್ಲ. ಸಂಗಾತಿಗೆ ಹೊಡೆದ ಅಂತ ಎರಡು ಸಲ ಶಿಕ್ಷೆಯಾದವನು ಮತ್ತೆ ಹೊಡೆದರೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೋರ್ಟಿನಲ್ಲಿ ಐದು ವರ್ಷದವರೆಗೆ ಜೈಲಾಗಬಹುದು. ವಕೀಲರಿಲ್ಲದೆ ಬುಡಕಟ್ಟು ಕೋರ್ಟಿನಲ್ಲಿ ಆದ ಹಳೇ ಶಿಕ್ಷೆಗಳೂ ಆ ಲೆಕ್ಕಕ್ಕೆ ಬರುತ್ತವೆ ಅಂತ 2016ರಲ್ಲಿ ಬ್ರಯಂಟ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ಆ ಮೊದಲ ದಿನ ಜಡ್ಜ್ ಸರಿಯಾಗಿ ತಿಳಿಸಿ ಹೇಳದಿದ್ದರೆ, ಹೇಳೋರು ಬೇರೆ ಯಾರೂ ಇಲ್ಲ.

ದೊಡ್ಡ ಶಿಕ್ಷೆಗೆ ಮಾತ್ರ ಡಿಗ್ರಿಯ ಮಾತು ಬರುತ್ತದೆ. ಬುಡಕಟ್ಟು ಕೋರ್ಟು ಕೊಡಬಹುದಾದ ಜೈಲು 1968ರಲ್ಲಿ ಆರು ತಿಂಗಳಿತ್ತು, 1986ರಲ್ಲಿ ಒಂದು ವರ್ಷ ಆಯಿತು. 2010ರ ಕಾನೂನು ಒಂದು ಅಪರಾಧಕ್ಕೆ ಮೂರು ವರ್ಷ, 15,000 ಡಾಲರ್ ದಂಡದವರೆಗೆ ದಾರಿ ಬಿಟ್ಟಿತು. ಷರತ್ತುಗಳೂ ಬಂದವು: ಬಡವರಿಗೆ ಬುಡಕಟ್ಟಿನ ಖರ್ಚಲ್ಲಿ ವಕೀಲರು, ಕಾನೂನು ತರಬೇತಿಯ ಜೊತೆಗೆ ವಕೀಲಿಕೆ ಲೈಸೆನ್ಸೂ ಇರುವ ಜಡ್ಜ್, ವಿಚಾರಣೆಯ ರೆಕಾರ್ಡಿಂಗ್. ಆ ಕೊನೆಯ ಷರತ್ತೇ ನನ್ನ ಹೊಟ್ಟೆಪಾಡು.

ನನ್ನ ಅಭಿಪ್ರಾಯ ಕೇಳಿದರೆ, ಕಲಿಸೋದರಲ್ಲಿ ಕಷ್ಟ ಇರೋದು ಕಾನೂನಿನ ಸೆಕ್ಷನ್‌ಗಳಲ್ಲಲ್ಲ, ನೆಂಟಸ್ತನದಲ್ಲಿ. ಎರಡು ಸಾವಿರ ಜನರ ಊರು. ಕಟಕಟೆಯಲ್ಲಿ ನಿಂತವನು ಚಿಕ್ಕಪ್ಪನ ಮಗ, ದೂರು ಕೊಟ್ಟವಳು ಅತ್ತಿಗೆಯ ತಂಗಿ. ನೆಂಟರ ಕೇಸು ಕೇಳಬೇಡ ಅಂತ ನಿಯಮ ಹೇಳುತ್ತೆ. ಹಾಗಾದರೆ ಕೇಳೋರು ಯಾರು? ಯಾವ ನೆಂಟಸ್ತನಕ್ಕೆ ಕುರ್ಚಿ ಬಿಟ್ಟು ಏಳಬೇಕು, ಯಾವುದಕ್ಕೆ ಎಲ್ಲರ ಮುಂದೆ ಹೇಳಿ ಕೂತಿರಬಹುದು ಅನ್ನೋದರ ಮೇಲೆ ಆ ತರಗತಿಯಲ್ಲಿ ಮಧ್ಯಾಹ್ನವೆಲ್ಲ ಜಗಳವಾಡಿದರು. ಅಷ್ಟು ಒಳ್ಳೆ ಜಗಳ ನಾನು ಬೇರೆಲ್ಲೂ ಕೇಳಿಲ್ಲ.

ಸ್ವಂತ ಪದ್ಧತಿಯನ್ನ ಹೊರಗಿನವರು ಕಲಿಸೋಕೆ ಆಗಲ್ಲ. ಅರಿಜೋನಾ ಕಡೆಯ ದೊಡ್ಡ ಬುಡಕಟ್ಟಾದ ನವಾಹೋಗಳು ಇದನ್ನ ಬೇಗ ಕಂಡುಕೊಂಡರು. ಅಲ್ಲಿ ಜಡ್ಜ್ ಆಗೋರಿಗೆ ನವಾಹೋ ಭಾಷೆ, ಇಂಗ್ಲಿಷ್ ಎರಡೂ ಬರಬೇಕು, ಸಂಪ್ರದಾಯ ಗೊತ್ತಿರಬೇಕು. ಮೊದಲು ಎರಡು ವರ್ಷ ಪ್ರೊಬೇಷನ್. 1982ರಲ್ಲಿ ಅವರು ಶುರುಮಾಡಿದ ರಾಜಿ ಕೋರ್ಟಿನಲ್ಲಿ ಹಿರಿಯರೊಬ್ಬರು ಎರಡೂ ಕಡೆಯವರನ್ನ, ಮನೆಯವರನ್ನ ಕೂರಿಸಿಕೊಂಡು ಮಾತಾಡಿಸ್ತಾರೆ. ನಷ್ಟ ತುಂಬಿಕೊಡೋದಕ್ಕೆ 'ನಾಲ್ಯೇ' ಅಂತ ಅವರದೇ ಪದ ಇದೆ. ನಿಮ್ಮ ಹಟ್ಟಿ ಯಜಮಾನರಿಗೆ ಹತ್ತಿರದ್ದು ಯಾವುದಾದರೂ ಇದ್ದರೆ ಇದೇ.

ಪೇಪರ್ ಬರೆಯೋದಾದರೆ ನವಾಹೋದಿಂದ ಶುರುಮಾಡಿ, ಓದೋಕೆ ಜಾಸ್ತಿ ಸಿಗುತ್ತೆ. ಆದರೆ ಉಳಿದ ಕೋರ್ಟುಗಳೂ ಹೀಗೇ ಅಂತ ಬರೆದುಬಿಡಬೇಡಿ. ಒಂದೇ ರಸ್ತೆಯ ಎರಡು ಬುಡಕಟ್ಟುಗಳಿಗೆ ನಾನು ಒಂದೇ ತರದ ಮೈಕು ಕೂರಿಸಿದ್ದೆ. ಒಂದು ಕಡೆ ಜಡ್ಜ್ ಕಪ್ಪು ನಿಲುವಂಗಿ ಹಾಕಿ ಎತ್ತರದಲ್ಲಿ ಕೂತಿದ್ದರು. ಇನ್ನೊಂದು ಕಡೆ ದುಂಡು ಮೇಜಿತ್ತು, ಜಡ್ಜ್ ಯಾರು ಅಂತ ನಾನೇ ಕೇಳಬೇಕಾಯಿತು.